ಬ್ಯಾಡ್ಜರ್ ಬರಲಿಲ್ಲ, ಗಂಡಭೇರುಂಡ ಹೋಗಲಿಲ್ಲ

ಕರ್ಕಿಯ ಹುಡುಗನೊಬ್ಬ ಹೊನ್ನಾವರದ ಕಾಲೇಜಿನ ವಾಲಿಬಾಲ್ ತಂಡದಲ್ಲಿ ಆಡಿ, ಅಂತರ ಕಾಲೇಜು ಪಂದ್ಯಗಳಲ್ಲಿ ಆಯ್ಕೆಗಾರರ ಕಣ್ಣಿಗೆ ಬಿದ್ದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತಂಡ ಸೇರಿದನೆನ್ನಿ. ಅಂದಿನಿಂದ ಅವನು 'ಯೂನಿವರ್ಸಿಟಿ ಬ್ಲೂ'. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅವನ ಫೋಟೊ ಕೆಳಗೆ ಅದೇ ಬಿರುದು, ಸನ್ಮಾನದ ಬ್ಯಾನರಿನಲ್ಲಿ ಅದೇ ಬಿರುದು, ಮುಂದೆ ನೌಕರಿಗೆ ಅರ್ಜಿ ಹಾಕುವಾಗಲೂ ಅದೇ. ಕುಮಟೆಯ ಕಬಡ್ಡಿ ಹುಡುಗಿಗೂ ಭಟ್ಕಳದ ಓಟಗಾರನಿಗೂ ಸಿಗುವುದು ಈ ಒಂದೇ ಹೆಸರು. ಇವರೇ ಅಮೆರಿಕದ ಕಾಲೇಜುಗಳಲ್ಲಿ ಆಡಿದ್ದರೆ ಒಬ್ಬ ಬುಲ್‌ಡಾಗ್, ಇನ್ನೊಬ್ಬಳು ಹುಲಿ, ಮತ್ತೊಬ್ಬ ಬ್ಯಾಡ್ಜರ್ ಆಗುತ್ತಿದ್ದರು. ಅಲ್ಲಿ ಆಟಗಾರ ಪ್ರಾಣಿಯಾಗುತ್ತಾನೆ, ಇಲ್ಲಿ ಬಣ್ಣವಾಗುತ್ತಾನೆ.

ಹಾಗೆಂದು ನಮ್ಮ ವಿಶ್ವವಿದ್ಯಾಲಯಗಳಿಗೆ ಪ್ರಾಣಿಯ ಬರವೇನೂ ಇರಲಿಲ್ಲ. ಕನ್ನಡನಾಡಿನ ಮೊದಲ ವಿಶ್ವವಿದ್ಯಾಲಯವಾದ ಮೈಸೂರಿನದರ ಲಾಂಛನದ ನಡುಮಧ್ಯದಲ್ಲೇ ಎರಡು ತಲೆಯ ಗಂಡಭೇರುಂಡ ರೆಕ್ಕೆ ಬಿಚ್ಚಿ ನಿಂತಿದೆ. ಅದರಷ್ಟು ಬಲಶಾಲಿ ಇನ್ನೊಂದಿಲ್ಲವೆಂದು ನಮ್ಮ ಶಿಲ್ಪಿಗಳು ಒಂಬೈನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಇಂಥ ಹಕ್ಕಿ ಕೈಯಲ್ಲೇ ಇದ್ದರೂ ಅದು ಪದವಿಪತ್ರದ ಮೇಲೆ ಕೂತಿತೇ ಹೊರತು ಆಟದ ಮೈದಾನಕ್ಕೆ ಇಳಿಯಲಿಲ್ಲ. ಅದರ ಹೆಸರು ಕೂಗಿ ತಂಡವನ್ನು ಹುರಿದುಂಬಿಸುವ ವಾಡಿಕೆ ಬೆಳೆಯಲಿಲ್ಲ. ಯಾಕೆ ಹೀಗಾಯಿತು ಎಂದು ಕೇಳಿದರೆ, ಪ್ರಾಣಿಯನ್ನು ಆರಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕಾಗುತ್ತದೆ.

ರಿಬ್ಬನ್ನು, ನಾಯಿ, ಬಿಲ

ಮೊದಲು ಈ 'ಬ್ಲೂ' ಎಲ್ಲಿಂದ ಬಂತು ನೋಡೋಣ. 1829ರ ಜೂನ್ 10ರಂದು ಥೇಮ್ಸ್ ನದಿಯ ಹೆನ್ಲಿ ಎಂಬಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ನಡುವೆ ಮೊದಲ ದೋಣಿ ಸ್ಪರ್ಧೆ ನಡೆಯಿತು. ಆಕ್ಸ್‌ಫರ್ಡಿನವರು ಕಡುನೀಲಿಯನ್ನು ತಮ್ಮದಾಗಿಸಿಕೊಂಡರು. 1836ರ ಎರಡನೆಯ ಸ್ಪರ್ಧೆಯ ಹೊತ್ತಿಗೆ ಕೇಂಬ್ರಿಜ್ ದೋಣಿಗೆ ಗುರುತಿನ ಬಣ್ಣವೇ ಇಲ್ಲವೆಂಬುದು ಕೊನೆ ಗಳಿಗೆಯಲ್ಲಿ ಯಾರಿಗೋ ಹೊಳೆದು, ಅಂಗಡಿಗೆ ಓಡಿ ತಿಳಿನೀಲಿ ರಿಬ್ಬನ್ನು ತಂದು ದೋಣಿಯ ಮೂತಿಗೆ ಕಟ್ಟಿದರು. ಆ ರಿಬ್ಬನ್ನೇ ಕೇಂಬ್ರಿಜ್ಜಿನ ಬಣ್ಣವಾಗಿ ಉಳಿಯಿತು. ವಿಶ್ವವಿದ್ಯಾಲಯದ ಪರವಾಗಿ ಎದುರಾಳಿಯ ಮೇಲೆ ಆಡಿದವನು 'ಬ್ಲೂ' ಅನ್ನಿಸಿಕೊಂಡ.

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳನ್ನು ತೆರೆದ ಬ್ರಿಟಿಷರು ಪಠ್ಯ, ಪರೀಕ್ಷೆ, ಗೌನುಗಳ ಜೊತೆಗೆ ಈ ಪದ್ಧತಿಯನ್ನೂ ತಂದರು. ಮುಂದೆ 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಹುಟ್ಟಿತು. 1935-36ರಲ್ಲಿ ರೋಹಿಂಟನ್ ಬಾರಿಯಾ ಟ್ರೋಫಿಗಾಗಿ ವಿಶ್ವವಿದ್ಯಾಲಯಗಳ ಕ್ರಿಕೆಟ್ ಶುರುವಾಯಿತು. ಆ ಹೊತ್ತಿಗೆ ಬ್ಲೇಜರು, ಅದರ ಜೇಬಿನ ಮೇಲಿನ ಲಾಂಛನ, ಬ್ಲೂ ಎಂಬ ಬಿರುದು, ಈ ಮೂರೂ ಭಾರತದ ಕಾಲೇಜು ಆಟಗಾರನ ಆಸ್ತಿಯಾಗಿದ್ದವು. ಪ್ರಾಣಿಗೆ ಅಲ್ಲಿ ಜಾಗವೇ ಇರಲಿಲ್ಲ.

ಅಮೆರಿಕದಲ್ಲಿ ಆದದ್ದೇ ಬೇರೆ. 1889ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಗ್ರೇವ್ಸ್ ಎಂಬ ವಿದ್ಯಾರ್ಥಿ ನ್ಯೂ ಹೇವನ್ ಊರಿನ ಕಮ್ಮಾರನೊಬ್ಬನ ಬಳಿಯಿದ್ದ ಬುಲ್‌ಡಾಗ್ ನಾಯಿಯನ್ನು ಕೊಂಡು, ಹ್ಯಾಂಡ್ಸಮ್ ಡ್ಯಾನ್ ಎಂದು ಹೆಸರಿಟ್ಟ. ಮುಖ ನೆರಿಗೆಗಟ್ಟಿದ, ಹಲ್ಲು ಹೊರಚಾಚಿದ ನಾಯಿಗೆ 'ಸುಂದರಾಂಗ' ಎಂಬ ಹೆಸರು. ಪಂದ್ಯಕ್ಕೆ ಮುನ್ನ ಅದನ್ನು ಮೈದಾನದ ತುಂಬ ನಡೆಸುತ್ತಿದ್ದರು. ಅದು ಸತ್ತ ಮೇಲೂ ಬಿಡಲಿಲ್ಲ. ಹೊಟ್ಟೆಗೆ ಹೊಟ್ಟು ತುಂಬಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ವ್ಯಾಯಾಮಶಾಲೆಯಲ್ಲಿ ಇರಿಸಿದರು. ಅದೇ ಹೆಸರಿನ ನಾಯಿಗಳ ಪರಂಪರೆ ಇಂದಿಗೂ ಅಲ್ಲಿ ನಡೆದಿದೆ. ಪ್ರಿನ್ಸ್‌ಟನ್ನಿನವರ ಅಂಗಿಯ ಮೇಲೆ ಕಿತ್ತಳೆ ಮತ್ತು ಕಪ್ಪು ಪಟ್ಟೆಗಳಿದ್ದವು, ಪಟ್ಟೆ ಕಂಡವರು ಹುಲಿ ಅಂದರು, ಅವರು ಹುಲಿಗಳಾದರು.

ವಿಸ್ಕಾನ್ಸಿನ್ನಿನ ಕಥೆಯಲ್ಲಿ ಬಡವರ ಬೆವರಿದೆ. 1820-30ರ ದಶಕಗಳಲ್ಲಿ ಅಲ್ಲಿಗೆ ಸೀಸದ ಗಣಿ ತೋಡಲು ಬಂದವರಿಗೆ ಮನೆಗಳಿರಲಿಲ್ಲ. ಚಳಿಗಾಲ ಕಳೆಯಲು ಅವರು ಗುಡ್ಡದ ಮಗ್ಗುಲಲ್ಲಿ ತಾವೇ ತೋಡಿದ ಗವಿಗಳಲ್ಲಿ ಮಲಗುತ್ತಿದ್ದರು. ನೆಲ ತೋಡಿ ಬಿಲದಲ್ಲಿ ಬದುಕುವ ಬ್ಯಾಡ್ಜರ್ ಎಂಬ ಪ್ರಾಣಿ, ನಮ್ಮ ತರಕರಡಿಯ ದೂರದ ನೆಂಟ, ಆ ಭಾಗದಲ್ಲಿತ್ತು. ಗಣಿಯವರನ್ನು ಜನ ಬ್ಯಾಡ್ಜರುಗಳೆಂದು ಹಂಗಿಸಿದರು. ಹಂಗಿಸಿದ ಹೆಸರನ್ನೇ ರಾಜ್ಯ ಹೆಮ್ಮೆಯಿಂದ ಹೊತ್ತುಕೊಂಡಿತು, ರಾಜ್ಯದಿಂದ ಅದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಬಂತು. ಜೀವಂತ ಬ್ಯಾಡ್ಜರನ್ನೇ ಮೈದಾನಕ್ಕೆ ತಂದು ನೋಡಿದ್ದೂ ಉಂಟು. ಅದರ ಸಿಟ್ಟು ಯಾರ ಹಿಡಿತಕ್ಕೂ ಸಿಗದೆ, ಕೊನೆಗೆ ಚಿತ್ರದ ಬ್ಯಾಡ್ಜರೇ ಸಾಕೆನ್ನಿಸಿತು.

ಈ ವಿಸ್ಕಾನ್ಸಿನ್ನನ್ನು ನೆನಪಿಟ್ಟುಕೊಳ್ಳಿ. ಮೈಸೂರಿನ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಕಂಬದ ತುದಿಯಿಂದ ನಾಣ್ಯದ ಮುಖಕ್ಕೆ

ಗಂಡಭೇರುಂಡದ ಹಳೆಯ ವಿಳಾಸ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಂದು ಅದು ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತದ ದೊಡ್ಡ ಪಟ್ಟಣ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕೈಕೆಳಗೆ ಚಾಮುಂಡರಾಯರಸನೆಂಬ ಮಹಾಮಂಡಲೇಶ್ವರ ಬನವಾಸಿಯನ್ನು ಆಳುತ್ತಿದ್ದ. 1047ರಲ್ಲಿ ಅವನು ಅಲ್ಲಿ ಸುಮಾರು 30 ಅಡಿ ಎತ್ತರದ ಕಲ್ಲಿನ ಕಂಬ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಗಂಡಭೇರುಂಡವನ್ನು ಕೂರಿಸಿದ. ಇಂದು ನಾವು ಸರ್ಕಾರಿ ಮುದ್ರೆಯಲ್ಲಿ ಕಾಣುವ ಹಕ್ಕಿಯಂತೆ ಅದಿಲ್ಲ. ಮನುಷ್ಯನ ಮೈ, ಅದಕ್ಕೆ ಹಕ್ಕಿಯ ಎರಡು ತಲೆ.

ಗಂಡಭೇರುಂಡ ಎಂಬುದು ಚಾಮುಂಡರಾಯನ ಬಿರುದಾಗಿತ್ತು. ಅಂದರೆ ಈ ನಾಡಿನಲ್ಲಿ ಈ ಪ್ರಾಣಿಯನ್ನು ಎತ್ತರಕ್ಕೆ ಏರಿಸಿದವನು ದೊಡ್ಡ ಚಕ್ರವರ್ತಿಯಲ್ಲ, ಚಕ್ರವರ್ತಿಗೆ ತಲೆಬಾಗುತ್ತಿದ್ದ ಒಬ್ಬ ಸಾಮಂತ. ತನ್ನ ಬಿರುದನ್ನೇ ಮೂರ್ತಿ ಮಾಡಿಸಿ ಎಲ್ಲರ ಕಣ್ಣೆದುರು ನಿಲ್ಲಿಸಿದ ಗತ್ತು ಅವನದು. ಊರಿಗೆ ಬಂದ ಯಾವ ವ್ಯಾಪಾರಿಯೂ ಆ ಕಂಬವನ್ನು ನೋಡದೆ ಹೋಗುವಂತಿರಲಿಲ್ಲ. ಬಳ್ಳಿಗಾವಿಯ ಶಾಸನಗಳಲ್ಲಿ ಹೊಲ ಅಳೆಯುವ 'ಭೇರುಂಡ ಗಳೆ' ಎಂಬ ಅಳತೆಗೋಲಿನ ಹೆಸರೂ ಬರುತ್ತದೆ. ಆಳುವವನ ಬಿರುದು ರೈತನ ಗದ್ದೆಯ ಬದುವಿನ ತನಕ ನಡೆದುಬಂದಿತ್ತು.

ಈ ಹಕ್ಕಿಗೆ ಯಾಕಿಷ್ಟು ಮರ್ಯಾದೆ ಎಂಬುದಕ್ಕೆ ಬೇಲೂರಿನಲ್ಲಿ ಉತ್ತರವಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಒಂದು ಕೆತ್ತನೆಯಲ್ಲಿ ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭನೆಂಬ ಪುರಾಣದ ಮೃಗ ಕಬಳಿಸುತ್ತಿದೆ. ಶರಭನನ್ನು ಗಂಡಭೇರುಂಡ ಮುಗಿಸುತ್ತಿದೆ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಒಂದರ ಹಿಂದೆ ಒಂದು, ಬಾಯಿಗೆ ಬಾಯಿ. ಈ ಸಾಲಿನಲ್ಲಿ ಗಂಡಭೇರುಂಡದ ಹಿಂದೆ ಯಾರೂ ಇಲ್ಲ. ಕಾಡಿನಲ್ಲಿ ಯಾರೂ ಕಾಣದ ಪ್ರಾಣಿಗೆ ಸೋಲಿನ ಚರಿತ್ರೆಯೂ ಇರುವುದಿಲ್ಲ. ಸಿಂಹವನ್ನು ಬೇಟೆಯಾಡಿದವರಿದ್ದಾರೆ, ಆನೆಯನ್ನು ಖೆಡ್ಡಾಕ್ಕೆ ಕೆಡವಿದವರಿದ್ದಾರೆ. ಗಂಡಭೇರುಂಡವನ್ನು ಹಿಡಿದವರಿಲ್ಲ. ಅರಸರಿಗೆ ಬೇಕಾದ್ದು ಅಂಥದೇ ಪ್ರಾಣಿ.

ವಿಜಯನಗರದ ಅಚ್ಯುತರಾಯ 1529ರಿಂದ 1542ರವರೆಗೆ ಆಳಿದ. ಅವನ ಚಿನ್ನದ ಅರ್ಧ ವರಾಹದ ತೂಕ ಎರಡು ಗ್ರಾಮಿಗಿಂತ ಕಡಿಮೆ, ಅಗಲ ಕಿರುಬೆರಳಿನ ಉಗುರಿನಷ್ಟು. ಅಷ್ಟರಲ್ಲೇ ಟಂಕಸಾಲೆಯ ಕಸಬುದಾರ ರೆಕ್ಕೆ ಹರಡಿದ ಗಂಡಭೇರುಂಡವನ್ನು ಕೊರೆದು, ಅದರ ಎರಡು ಕೊಕ್ಕುಗಳಲ್ಲಿ ಮತ್ತು ಎರಡು ಕಾಲುಗುರುಗಳಲ್ಲಿ ಆನೆಗಳನ್ನು ನೇತುಹಾಕಿದ್ದಾನೆ. ಇನ್ನೊಂದು ಮುಖದಲ್ಲಿ ನಾಗರಿ ಅಕ್ಷರದ ಮೂರು ಸಾಲುಗಳಲ್ಲಿ ರಾಜನ ಹೆಸರು. ಕಣ್ಣಿಗೆ ಹಿಡಿದು ನೋಡಿದರೆ ಸಾಸಿವೆಯಷ್ಟಿರುವ ಆನೆಗೂ ಸೊಂಡಿಲು ಕಾಣುತ್ತದೆ. ಬಳ್ಳಿಗಾವಿಯಲ್ಲಿ ಪೇಟೆಗೆ ಬಂದವರು ಮಾತ್ರ ನೋಡಬಹುದಾಗಿದ್ದ ಹಕ್ಕಿ, ಈಗ ಸೊಂಟದ ಚೀಲದಲ್ಲಿ ಕೂತು ಊರೂರು ಸುತ್ತತೊಡಗಿತು.

ಹೊನ್ನಾವರದ ದಾರಿಯಲ್ಲಿ

ವಿಜಯನಗರ ಕುಸಿದ ಮೇಲೆ ಹಕ್ಕಿಗೆ ಎರಡು ಮನೆಗಳಾದವು. ಒಂದು ಮಲೆನಾಡಿನ ಕೆಳದಿ, ಇನ್ನೊಂದು ಮೈಸೂರು. ಕೆಳದಿಯ ರಾಮೇಶ್ವರ ದೇವಾಲಯದ ಒಳಸೂರಿನಲ್ಲಿ ಗಂಡಭೇರುಂಡದ ಕೆತ್ತನೆ ಇಂದಿಗೂ ಇದೆ. ಕತ್ತೆತ್ತಿ ನೋಡಿದವರಿಗೆ ಮಾತ್ರ ಕಾಣುವ ಜಾಗ. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲೇ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು ಶರಾವತಿಯ ಬಾಯಿಯನ್ನು ತನ್ನ ಹಿಡಿತಕ್ಕೆ ತಂದ. ಕರಾವಳಿಯ ಮೆಣಸು ಯಾರಿಗೆ ಮಾರಬೇಕು, ಎಷ್ಟಕ್ಕೆ ಮಾರಬೇಕು ಎಂಬುದು ಇಕ್ಕೇರಿಯಲ್ಲಿ ತೀರ್ಮಾನವಾಗತೊಡಗಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು, ಹೊನ್ನಾವರದಲ್ಲಿ ಇಳಿದು, ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆ ಮುಟ್ಟಿ, ಘಟ್ಟ ಹತ್ತಿ ವೆಂಕಟಪ್ಪ ನಾಯಕನನ್ನು ಇಕ್ಕೇರಿಯಲ್ಲಿ ಕಂಡ. ಅವನ ಪತ್ರಗಳು ಈ ದಾರಿಯನ್ನು ಯುರೋಪಿಗೆ ಪರಿಚಯಿಸಿದವು. ಹೊನ್ನಾವರದ ಕಡಲಲ್ಲಿ ಎದ್ದು ನಿಂತ ದ್ವೀಪಕೋಟೆಗೆ ಬಸವರಾಜದುರ್ಗ ಎಂಬ ಹೆಸರು ಬಂದದ್ದೂ ಕೆಳದಿಯವರ ಕಾಲದಲ್ಲೇ.

1763ರಲ್ಲಿ ಹೈದರಾಲಿ ಕೆಳದಿಯನ್ನು ಮುಗಿಸಿದ. ಹೊನ್ನಾವರ ಮೈಸೂರಿನ ಬಂದರಾಯಿತು. ಆದರೆ ಬಂದದ್ದು ಗಂಡಭೇರುಂಡವಲ್ಲ. ಟಿಪ್ಪುವಿಗೆ ಪ್ರಿಯವಾದದ್ದು ಹುಲಿ. ಅವನ ಸಿಂಹಾಸನದ ಮೇಲೆ ಹುಲಿಯ ತಲೆಗಳಿದ್ದವು, ಫಿರಂಗಿಯ ಬಾಯಿ ಹುಲಿಯ ಬಾಯಾಗಿತ್ತು, ಸೈನಿಕರ ಅಂಗಿಯ ಮೇಲೆ ಹುಲಿಯ ಪಟ್ಟೆಗಳಿದ್ದವು. ಪ್ರಿನ್ಸ್‌ಟನ್ನಿನ ಹುಡುಗರು ಪಟ್ಟೆ ಹಾಕಿಕೊಂಡು ಹುಲಿಗಳಾಗುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಶ್ರೀರಂಗಪಟ್ಟಣದ ಸಿಪಾಯಿಗಳು ಹುಲಿಗಳಾಗಿದ್ದರು. ತಂಡಕ್ಕೊಂದು ಪ್ರಾಣಿ, ಮೈಮೇಲೆ ಅದರ ಗುರುತು, ಎದುರಾಳಿಗೆ ಅದರ ಹೆದರಿಕೆ ಎಂಬ ಲೆಕ್ಕಾಚಾರ ಅಲ್ಲಿ ಪೂರ್ತಿ ಇತ್ತು. ಆದರೆ ಹುಲಿಯನ್ನು ಆರಿಸಿದ್ದು ಸಿಪಾಯಿಗಳಲ್ಲ, ಸುಲ್ತಾನ.

1799ರಲ್ಲಿ ಟಿಪ್ಪು ಬಿದ್ದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು, ಒಡೆಯರ ಜೊತೆ ಗಂಡಭೇರುಂಡವೂ ಮೈಸೂರಿಗೆ ಮರಳಿತು. ಕರಾವಳಿ ಮಾತ್ರ ಕಂಪನಿಯ ಪಾಲಾಯಿತು. ಹೊನ್ನಾವರ, ಕುಮಟೆ, ಭಟ್ಕಳ ಮೊದಲು ಮದರಾಸಿಗೆ, 1862ರಿಂದ ಮುಂಬಯಿಗೆ ಸೇರಿದವು. ಘಟ್ಟದ ಮೇಲಿನ ಹಕ್ಕಿಗೂ ಕೆಳಗಿನ ಜನಕ್ಕೂ ಸಂಬಂಧ ಕಡಿಯಿತು.

ವಿಸ್ಕಾನ್ಸಿನ್ ನೋಡಿ ಬಂದವರು

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ತನ್ನದೇ ವಿಶ್ವವಿದ್ಯಾಲಯ ಕಟ್ಟಲು ಹೊರಟಿತು. ಆಗ ಸಿಂಹಾಸನದ ಮೇಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನಗಿರಿಯಲ್ಲಿದ್ದವರು ವಿಶ್ವೇಶ್ವರಯ್ಯನವರು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದವು.

ಕಣ್ಣು ಮುಚ್ಚಿಕೊಂಡು ಮದರಾಸಿನ ನಕಲು ಮಾಡುವ ಇರಾದೆ ಯಾರಿಗೂ ಇರಲಿಲ್ಲ. ಜಗತ್ತಿನ ವಿಶ್ವವಿದ್ಯಾಲಯಗಳು ಹೇಗೆ ನಡೆಯುತ್ತವೆಂದು ತಿಳಿಯುವ ಕೆಲಸ ಥಾಮಸ್ ಡೆನ್‌ಹಮ್ ಮತ್ತು ಸಿ.ಆರ್. ರೆಡ್ಡಿಯವರಿಗೆ ಬಂತು. ಯುರೋಪು, ಅಮೆರಿಕ, ಏಷ್ಯಾ, ಆಸ್ಟ್ರೇಲಿಯಾಗಳ ಶಿಕ್ಷಣ ಸಂಸ್ಥೆಗಳನ್ನು ಅವರು ನೋಡಿದರು. ಸಂಶೋಧನೆಗೆ ಷಿಕಾಗೋ ಮಾದರಿಯೆನ್ನಿಸಿತು. ವಿದ್ಯಾರ್ಥಿಯನ್ನು ಒಟ್ಟು ಬಾಳಿಗೆ ಸಜ್ಜು ಮಾಡುವುದರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹಿಡಿಸಿದವು. ಓದುಬರಹವನ್ನು ಕಾಲೇಜಿನ ಗೋಡೆಯಾಚೆ ಸಾಮಾನ್ಯ ಜನರವರೆಗೆ ಒಯ್ಯುವ ವಿಷಯದಲ್ಲಿ ಕಣ್ಣಿಗೆ ಬಿದ್ದದ್ದು ವಿಸ್ಕಾನ್ಸಿನ್.

ಬ್ಯಾಡ್ಜರುಗಳ ವಿಸ್ಕಾನ್ಸಿನ್! ಆ ಹೊತ್ತಿಗೆ ಅಲ್ಲಿಯ ತಂಡಕ್ಕೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡು ಎರಡು ದಶಕಗಳು ದಾಟಿದ್ದವು. ಮೈಸೂರಿಗೆ ಅಲ್ಲಿಂದ ಬಂದದ್ದು ಜನರ ಬಳಿಗೆ ಹೋಗುವ ವಿದ್ಯೆಯ ಕಲ್ಪನೆ. ಹಳ್ಳಿಹಳ್ಳಿಗೆ ಪ್ರಚಾರೋಪನ್ಯಾಸ ಮಾಡಿಸಿ, ಎರಡಾಣೆ ನಾಲ್ಕಾಣೆಗೆ ಸಿಗುವ ಪುಟ್ಟ ಪುಸ್ತಕಗಳನ್ನು ಕನ್ನಡದಲ್ಲಿ ಹೊರತಂದ ಮೈಸೂರು ವಿಶ್ವವಿದ್ಯಾಲಯದ ಮುಂದಿನ ದಿನಗಳಲ್ಲಿ ಆ ಕಲ್ಪನೆ ಫಲ ಕೊಟ್ಟಿತು. ಬ್ಯಾಡ್ಜರ್ ಬರಲಿಲ್ಲ. ಬರುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಪ್ರಾಣಿಯ ಕುರ್ಚಿ ಖಾಲಿ ಇರಲಿಲ್ಲವಲ್ಲ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. 32 ವರ್ಷದ ಮಹಾರಾಜರೇ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ರಾಜ್ಯದ ಹಕ್ಕಿಯೇ ವಿಶ್ವವಿದ್ಯಾಲಯದ ಹಕ್ಕಿಯಾಯಿತು. ಜೊತೆಗೆ ಜ್ಞಾನಕ್ಕೆ ಸಮನಾದದ್ದು ಇನ್ನೊಂದಿಲ್ಲವೆಂಬ ಅರ್ಥದ ಗೀತೆಯ ಮಾತನ್ನು ಧ್ಯೇಯವಾಕ್ಯ ಮಾಡಿದರು.

ಲಾಂಛನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಡುವೆ ಗಂಡಭೇರುಂಡ. ಎಡಬಲಗಳಲ್ಲಿ ಹಿಂಗಾಲ ಮೇಲೆ ಎದ್ದುನಿಂತ ಎರಡು ಶರಭಗಳು, ಸಿಂಹದ ಮೈಗೆ ಆನೆಯ ತಲೆ. ಮೇಲೆ ಸಿಂಹ. ಬೇಲೂರಿನ ಸಾಲಿನಲ್ಲಿ ಒಂದನ್ನೊಂದು ನುಂಗುತ್ತಿದ್ದ ಆನೆ, ಸಿಂಹ, ಶರಭ, ಗಂಡಭೇರುಂಡಗಳ ಬಳಗವೆಲ್ಲ ಇಲ್ಲಿ ಹಾಜರಿದೆ, ಆದರೆ ಯಾರೂ ಯಾರನ್ನೂ ತಿನ್ನುತ್ತಿಲ್ಲ. ಅಚ್ಯುತರಾಯನ ನಾಣ್ಯದಲ್ಲಿ ಕೊಕ್ಕಿಗೆ ಸಿಕ್ಕಿ ನೇತಾಡುತ್ತಿದ್ದ ಆನೆ, ಈಗ ಸಿಂಹದೊಂದಿಗೆ ಒಂದೇ ಮೈಯಾಗಿ ಹಕ್ಕಿಯ ಕಾವಲಿಗೆ ನಿಂತಿದೆ. ಕೊಕ್ಕು ಖಾಲಿ, ಉಗುರು ಖಾಲಿ. ಯುದ್ಧಭೂಮಿಯಿಂದ ದರ್ಬಾರಿಗೆ, ದರ್ಬಾರಿನಿಂದ ಪಾಠಶಾಲೆಗೆ ಬರುವಷ್ಟರಲ್ಲಿ ಗಂಡಭೇರುಂಡ ಬೇಟೆ ಬಿಟ್ಟಿತ್ತು.

ಆಟದ ಮೈದಾನಕ್ಕೆ ಅದು ಇಳಿಯದೇ ಹೋದದ್ದರ ಕಾರಣ ನನಗೆ ಇಲ್ಲೇ ಕಾಣುತ್ತದೆ. ಯೇಲ್‌ನ ನಾಯಿಯನ್ನು ಒಬ್ಬ ವಿದ್ಯಾರ್ಥಿ ತನ್ನ ಕಾಸಿನಿಂದ ಕೊಂಡ. ವಿಸ್ಕಾನ್ಸಿನ್ನಿನ ಬ್ಯಾಡ್ಜರ್ ಗಣಿಯ ಆಳುಗಳಿಗೆ ಬಿದ್ದ ಅಡ್ಡಹೆಸರು. ಎರಡನ್ನೂ ತಮಾಷೆ ಮಾಡಬಹುದು, ಎದುರಾಳಿಯ ಹುಡುಗರು ಕದ್ದೊಯ್ಯಬಹುದು, ಹಾಡು ಕಟ್ಟಿ ಹೀಯಾಳಿಸಬಹುದು. ಗಂಡಭೇರುಂಡ ಪ್ರಭುತ್ವದ ಮುದ್ರೆ. ಮಹಾರಾಜರ ಮುದ್ರೆಯ ವೇಷ ಹಾಕಿಕೊಂಡು ಬೌಂಡರಿ ಗೆರೆಯ ಹತ್ತಿರ ಕುಣಿಯಲು 1916ರ ಯಾವ ವಿದ್ಯಾರ್ಥಿಗೆ ಧೈರ್ಯವಿತ್ತು? ಆಟಗಾರನಿಗೆ ಗೌರವ ಬೇಕಾದಾಗ ಕೇಂಬ್ರಿಜ್ಜಿನ ರಿಬ್ಬನ್ನು ಕೈಗೆ ಸಿಕ್ಕಿತು. ಹಕ್ಕಿ ಪ್ರಮಾಣಪತ್ರದ ತಲೆಯ ಮೇಲೆ ಗಂಭೀರವಾಗಿ ಉಳಿಯಿತು.

157 ವರ್ಷಗಳ ನಂತರ

ಕರ್ಕಿಯಂಥ ಊರಿನ ಹುಡುಗರಿಗೆ ಈ ಮೈಸೂರು ದೂರದ್ದೇ ಆಗಿತ್ತು. ಅವರ ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು. 1949ರಲ್ಲಿ, ಮುಂಬಯಿ ಆಡಳಿತ ಇನ್ನೂ ಇದ್ದಾಗಲೇ, ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಮುಂದೆ ಧಾರವಾಡದಲ್ಲಿ ನೆಲೆ ನಿಂತಿತು. 'ಅರಿವೇ ಗುರು' ಅದರ ಧ್ಯೇಯ. ಉತ್ತರ ಕನ್ನಡದ ಕಾಲೇಜುಗಳ ನಡೆ ಅತ್ತ ತಿರುಗಿತು.

1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳು ಮರುವಿಂಗಡಣೆಯಾದವು. ಹೊನ್ನಾವರ, ಕುಮಟೆ, ಭಟ್ಕಳ ವಿಶಾಲ ಮೈಸೂರಿಗೆ ಬಂದವು. ತಹಶೀಲ್ದಾರರ ಕಚೇರಿಯ ಕಾಗದದ ಮೇಲೆ ಗಂಡಭೇರುಂಡ ಕಾಣಿಸಿಕೊಂಡಿತು. ಮೈಸೂರಿನ ಕೈಯಿಂದ ಕರಾವಳಿ ತಪ್ಪಿಹೋದ 1799ರಿಂದ ಎಣಿಸಿದರೆ 157 ವರ್ಷ. ಈಗಿನ ರಾಜ್ಯ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡವಿದೆ, ಇಕ್ಕೆಲಗಳಲ್ಲಿ ಆನೆಮೊಗದ ಸಿಂಹಗಳಿವೆ, ಎಲ್ಲಕ್ಕೂ ಮೇಲೆ ಅಶೋಕನ ಸಿಂಹಸ್ತಂಭ. ರಾಜ ಹೋದ, ಪ್ರಜಾಪ್ರಭುತ್ವ ಬಂತು, ಹಕ್ಕಿ ಹೋಗಲಿಲ್ಲ. 1973ರಲ್ಲಿ ರಾಜ್ಯದ ಹೆಸರೇ ಬದಲಾದಾಗಲೂ ಅದು ಜಾಗ ಬಿಟ್ಟು ಕದಲಲಿಲ್ಲ. ಪಡಿತರ ಚೀಟಿಯಿಂದ ಪರೀಕ್ಷೆಯ ಅಂಕಪಟ್ಟಿಯವರೆಗೆ ಎಲ್ಲರ ಮನೆಗೂ ಬಂತು.

ಎರಡು ತಲೆಯ ಹಕ್ಕಿ ನಮ್ಮೊಬ್ಬರದೇ ಅಲ್ಲ. ಬೈಜಾಂಟಿಯಮ್, ರಷ್ಯಾ, ಸರ್ಬಿಯಾ, ಅಲ್ಬೇನಿಯಾ ಎಲ್ಲ ಕಡೆಯೂ ಎರಡು ತಲೆಯ ಹದ್ದು ಹಾರಾಡಿದೆ. ಅದು ಮೈದಾನಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು 2018ರ ಫುಟ್‌ಬಾಲ್ ವಿಶ್ವಕಪ್ ತೋರಿಸಿತು. ಸರ್ಬಿಯಾ ವಿರುದ್ಧ ಗೋಲು ಹೊಡೆದ ಸ್ವಿಟ್ಜರ್ಲೆಂಡಿನ ಜಾಕಾ ಮತ್ತು ಶಕೀರಿ, ಇಬ್ಬರೂ ಕೊಸೊವೊ ಮೂಲದವರು, ಹೆಬ್ಬೆರಳು ಹೆಣೆದು ಎರಡೂ ಅಂಗೈ ಬಿಡಿಸಿ ಅಲ್ಬೇನಿಯಾದ ಹದ್ದನ್ನು ತೋರಿಸಿದರು. ತಲಾ 10,000 ಸ್ವಿಸ್ ಫ್ರಾಂಕ್ ದಂಡ ಬಿತ್ತು. ಎದುರಾಳಿ ಸರ್ಬಿಯಾದ ಲಾಂಛನದಲ್ಲಿರುವುದೂ ಎರಡು ತಲೆಯ ಹದ್ದೇ! ರಾಜಮುದ್ರೆ ಆಟದಂಗಳಕ್ಕೆ ಬಂದರೆ ಹಳೆಯ ಜಗಳಗಳನ್ನೂ ಬೆನ್ನಿಗೆ ಹೊತ್ತು ತರುತ್ತದೆ.

ಹಳದಿ ಹುಳದ ಗೆಲುವು

ಇದಕ್ಕೆ ನೇರ ಎದುರಿನಲ್ಲಿ ನಿಲ್ಲುವ ಪ್ರಕರಣ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್‌ನದು. 1965ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಶುರುವಾದದ್ದು ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡಿನಲ್ಲಿ. ಆ ಕಾಡಿನ ಒದ್ದೆ ನೆಲದಲ್ಲಿ ಬಾಳೆಹಣ್ಣಿನ ಬಣ್ಣದ, ಗೇಣುದ್ದಕ್ಕೂ ಬೆಳೆಯಬಲ್ಲ ಒಂದು ಹುಳವಿದೆ. ಚಿಪ್ಪಿಲ್ಲದ ಬಸವನಹುಳು ಅನ್ನಿ. ನಮ್ಮಲ್ಲಿ ಆಷಾಢದ ಮಳೆಗೆ ತೋಟದ ಪಾಗಾರದ ಮೇಲೆ ಲೋಳೆಯ ಗೆರೆ ಎಳೆಯುತ್ತ ಹೋಗುವ ಹುಳದ ಬಳಗವೇ. ಓಡಲಾರದು, ಹಾರಲಾರದು, ಕಚ್ಚಲಾರದು. ಗೆಲುವೇ ಎಲ್ಲ ಅಲ್ಲವೆಂದು ನಂಬಿದ್ದ ಅಲ್ಲಿನ ವಿದ್ಯಾರ್ಥಿಗಳು ಬೇಕೆಂದೇ ಇದನ್ನು ತಮ್ಮ ಪ್ರಾಣಿಯೆಂದು ಕರೆಯತೊಡಗಿದರು.

1980ರ ಸುಮಾರಿಗೆ ವಿಶ್ವವಿದ್ಯಾಲಯ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯ ಪಂದ್ಯಗಳಿಗೆ ಸೇರಿದಾಗ ಹುಳ ಸಾಲದೆನ್ನಿಸಿತು. ಕೆಲವು ಆಟಗಾರರ ಒಲವು ನೋಡಿ ಕಡಲಸಿಂಹವನ್ನು ಅಧಿಕೃತ ಪ್ರಾಣಿ ಮಾಡಿದರು. ಬ್ಯಾಸ್ಕೆಟ್‌ಬಾಲ್ ಅಂಕಣದ ನಡುವೆ ಅದರ ಚಿತ್ರವನ್ನೂ ಬರೆಸಿದರು. ಪ್ರೇಕ್ಷಕರು ಮಾತ್ರ ಹುಳದ ಹೆಸರನ್ನೇ ಕೂಗಿದರು. 1986ರಲ್ಲಿ ವಿದ್ಯಾರ್ಥಿಗಳು ಮತ ಹಾಕಿದರು, ಹುಳ ಭಾರೀ ಅಂತರದಿಂದ ಗೆದ್ದಿತು. ಚಾನ್ಸಲರ್ ರಾಬರ್ಟ್ ಸಿನ್‌ಶೈಮರ್ ಒಪ್ಪಲಿಲ್ಲ. ಪ್ರಾಣಿಯ ಹೆಸರು ಹೊತ್ತು ಆಡಬೇಕಾದವರು ಆಟಗಾರರು, ಆದ್ದರಿಂದ ಅವರು ಮಾತ್ರ ಆರಿಸಬೇಕು ಎಂಬುದು ಅವರ ವಾದ. ಸರಿ, ಆಟಗಾರರನ್ನೇ ಕೇಳಿದರು. ಅವರಿಗೂ ಹುಳವೇ ಬೇಕಾಗಿತ್ತು! ಚಾನ್ಸಲರ್ ಸೋತರು. ಸೋತ ಮೇಲೆ, ಸ್ವತಃ ಹೆಸರಾಂತ ಜೀವವಿಜ್ಞಾನಿಯಾದ ಅವರು, ಹುಳದ ತಳಿ ಸುಧಾರಣೆಗೆ ಸಂಶೋಧನೆ ಆರಂಭಿಸಬಹುದೆಂದು ನಗೆಚಟಾಕಿ ಹಾರಿಸಿದರು. 1994ರ 'ಪಲ್ಪ್ ಫಿಕ್ಷನ್' ಸಿನಿಮಾದಲ್ಲಿ ಜಾನ್ ಟ್ರವೋಲ್ಟಾ ತೊಟ್ಟ ಟೀ ಶರ್ಟಿನ ಮೇಲೆ ಇದೇ ಹುಳವಿದೆ.

ಬಲವೇ ಲಾಂಛನಕ್ಕೆ ಅಳತೆಯಾದರೆ ಗಂಡಭೇರುಂಡದ ಎದುರು ಈ ಹುಳ ಯಾವ ಲೆಕ್ಕ? ಆದರೆ ಹುಳಕ್ಕೆ ಇರುವುದೊಂದು ಹಕ್ಕಿಗೆ ಇಲ್ಲ. ಅದನ್ನು ಸಾವಿರಾರು ಹುಡುಗ ಹುಡುಗಿಯರು ಅಧಿಕಾರಿಗಳ ಜೊತೆ ಗುದ್ದಾಡಿ ತಮ್ಮದಾಗಿಸಿಕೊಂಡರು. ಗಂಡಭೇರುಂಡ ಚಾಮುಂಡರಾಯನ ಬಿರುದಾಗಿ, ಅಚ್ಯುತರಾಯನ ನಾಣ್ಯವಾಗಿ, ಒಡೆಯರ ಮುದ್ರೆಯಾಗಿ, ಸರ್ಕಾರದ ಲಾಂಛನವಾಗಿ ಪ್ರತಿ ಸಲವೂ ಮೇಲಿನಿಂದಲೇ ಬಂತು. 'ಬ್ಲೂ' ಎಂಬುದು ಕಡಲಾಚೆಯಿಂದ ಬಂತು. ಎರಡರಲ್ಲೂ ಆಡುವವರನ್ನು ಯಾರೂ ಕೇಳಿದ್ದಿಲ್ಲ.

ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಜಿಲ್ಲೆಗೊಂದೆಂಬಂತೆ ವಿಶ್ವವಿದ್ಯಾಲಯಗಳಾದವು. ಲಾಂಛನ ಬರೆಯುವ ಕೆಲಸ ಸಮಿತಿಗಳದು. ಲಾಂಛನ ಅವರದೇ ಇರಲಿ, ಆಟದ ಪ್ರಾಣಿಯನ್ನಾದರೂ ಹುಡುಗರಿಗೆ ಬಿಡಬಹುದು. ಕರಾವಳಿಯವರನ್ನು ಕೇಳಿದರೆ ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗೆ ಮತ ಬಿದ್ದೀತು, ಇಲ್ಲವೇ ಶರಾವತಿ ಕಣಿವೆಯ ಸಿಂಗಳೀಕಕ್ಕೆ, ಅಥವಾ ದಾಂಡೇಲಿಯ ಕಡೆಯಿಂದ ಬಂದವರು ಮಂಗಟ್ಟೆ ಹಕ್ಕಿಗಾಗಿ ಜಗಳ ತೆಗೆದಾರು. ಜಗಳವಾಗಲಿ, ಅದರಿಂದ ನಷ್ಟವೇನಿಲ್ಲ. ಮೈಸೂರಿನವರನ್ನು ಕೇಳಿದರೆ ಬಹುಶಃ ಗಂಡಭೇರುಂಡವನ್ನೇ ಆರಿಸಿಯಾರು. ಹಾಗಾದರೆ ಆ ಹಕ್ಕಿಯ ಸಾವಿರ ವರ್ಷದ ಬಾಳಿನಲ್ಲಿ ಅದಕ್ಕೆ ಬೀಳುವ ಮೊದಲ ಮತ ಅದಾಗಿರುತ್ತದೆ.